ನಿಮಗಿದು ಗೊತ್ತೇ? ಓಕ್ಲಂಡಿನ ಪಾದ್ರಿಯ ಮಗಳು ಅನಿತಾ ಪಾಯಿಂಟರ್

ಕಂಟ್ರಿ ಸಂಗೀತ ಎಂದರೆ ಅಗಲ ಟೊಪ್ಪಿ, ಗಿಟಾರು, ಬಿಳಿ ಗಂಡಸು. ಅಮೆರಿಕನ್ನರ ತಲೆಯಲ್ಲೂ ಬಹುಪಾಲು ಇದೇ ಚಿತ್ರ. ಆ ಸಂಗೀತದ ಗುಂಪು ಗಾಯನಕ್ಕೆ 1975ರಲ್ಲಿ ಗ್ರ್ಯಾಮಿ ಪ್ರಶಸ್ತಿ ಹೊಡೆದವರು ಯಾರು ಗೊತ್ತೇ? ಓಕ್ಲಂಡಿನ ಕಪ್ಪು ಪಾದ್ರಿಯೊಬ್ಬರ ನಾಲ್ಕು ಹೆಣ್ಣುಮಕ್ಕಳು. ಗುಂಪಿನ ಹೆಸರು ಪಾಯಿಂಟರ್ ಸಿಸ್ಟರ್ಸ್, ಹಾಡಿನ ಹೆಸರು 'ಫೇರಿಟೇಲ್'. ಅದನ್ನು ಬರೆದವರೂ ಹೊರಗಿನವರಲ್ಲ. ನಾಲ್ವರಲ್ಲಿ ಇಬ್ಬರು, ಅನಿತಾ ಮತ್ತು ಬಾನಿ, ಸೇರಿ ಬರೆದದ್ದು.

ಈ ಸಲದ ಅಂಕಣ ಆ ಅನಿತಾ ಪಾಯಿಂಟರ್ ಸುತ್ತ. ನಡುನಡುವೆ ಅಕ್ಕತಂಗಿಯರು, ಅಣ್ಣಂದಿರು, ಕೊನೆಗೆ ಎಲ್ವಿಸ್ ಪ್ರೀಸ್ಲಿಯೂ ಬಂದು ಹೋಗುತ್ತಾರೆ.

ಮೊದಲು ಓಕ್ಲಂಡಿನ ದಾರಿ ನೋಡೋಣ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ದಾಟಿ ಸ್ಯಾನ್ ಮಟಿಯೋ ಕಡೆಯಿಂದ ಹೇವರ್ಡ್‌ಗೆ ಹೋಗುವ ಸೇತುವೆ ಸುಮಾರು 11 ಕಿಲೋಮೀಟರ್ ಉದ್ದ. ಕ್ಯಾಲಿಫೋರ್ನಿಯಾದಲ್ಲೇ ಅತಿ ಉದ್ದದ್ದು. ಈಗಿರುವುದು 1967ರದು. ಅದಕ್ಕೂ ಮುಂಚೆ 1929ರಲ್ಲಿ ಅಲ್ಲೇ ಕಟ್ಟಿದ್ದ ಹಳೆಯ ಸೇತುವೆ ಆಗ ಜಗತ್ತಿನಲ್ಲೇ ಉದ್ದವಾದದ್ದು ಎನಿಸಿಕೊಂಡಿತ್ತು. ದಾಟಿದ ಮೇಲೆ ಇಲ್ಲಿನ ನಮ್ಮ ಕನ್ನಡ ಜನ ಬಲಕ್ಕೆ ತಿರುಗಿದರೆ ಫ್ರೀಮಾಂಟಿನ ದಿನಸಿ ಅಂಗಡಿ, ನೇರ ಹೋದರೆ ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನ. ಎಡಕ್ಕೆ ತಿರುಗಿದರೆ ಓಕ್ಲಂಡ್. ಆ ಕಡೆಗೆ ಕೆಲಸವಿದ್ದವರು ಮಾತ್ರ ಹೋಗುತ್ತಾರೆ. ಈ ಕೊಲ್ಲಿಯ ಸುತ್ತಲಿನ ಬೇ ಏರಿಯಾದ ಹಾಡಿನ ಚರಿತ್ರೆ ಬಹಳಷ್ಟು ಇರುವುದು ಮಾತ್ರ ಆ ಎಡಗಡೆಯಲ್ಲೇ.

ಪಾಯಿಂಟರ್ ಕುಟುಂಬ ಮೂಲತಃ ಆರ್ಕನ್ಸಾ ರಾಜ್ಯದ್ದು. ದೊಡ್ಡ ಮಗ ಏರನ್ 1942ರಲ್ಲಿ ಹುಟ್ಟಿದ್ದು ಅಲ್ಲಿನ ಲಿಟಲ್ ರಾಕ್‌ನಲ್ಲಿ, ದೊಡ್ಡ ಮಗಳು ರೂತ್ 1946ರಲ್ಲಿ ಹುಟ್ಟಿದ್ದು ಓಕ್ಲಂಡಿನಲ್ಲಿ. ನಡುವಿನ ನಾಲ್ಕು ವರ್ಷದಲ್ಲಿ ಮನೆ ಪಶ್ಚಿಮಕ್ಕೆ ಬಂದಿತ್ತು. ಅವರದೊಂದೇ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇಲ್ಲಿನ ಹಡಗುಕಟ್ಟೆಗಳಲ್ಲಿ ಕೆಲಸ ಸಿಗುತ್ತದೆಂದು ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ರೈಲು ಹತ್ತಿ ಬಂದರು. ಬಂದು ಇಳಿದದ್ದು ಹೆಚ್ಚಾಗಿ ವೆಸ್ಟ್ ಓಕ್ಲಂಡಿನಲ್ಲಿ. ಚರ್ಚು, ಸೆವೆಂತ್ ಸ್ಟ್ರೀಟಿನ ಬ್ಲೂಸ್ ಕ್ಲಬ್ಬು, ರೈಲ್ವೆ ನೌಕರರ ಸಂಘ ಎಲ್ಲ ಒಂದೇ ಬಡಾವಣೆಯಲ್ಲಿ ಬೆಳೆದವು. ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿದ್ದೂ ಇದೇ ಊರಿನಲ್ಲಿ, 1966ರಲ್ಲಿ.

ತಂದೆ ಎಲ್ಟನ್ ಪಾಯಿಂಟರ್ ವೆಸ್ಟ್ ಓಕ್ಲಂಡಿನ ಚರ್ಚ್ ಆಫ್ ಗಾಡ್‌ನಲ್ಲಿ ಪಾದ್ರಿ. ತಾಯಿ ಸಾರಾ. ಮಕ್ಕಳು ಆರು, ಇಬ್ಬರು ಗಂಡು ನಾಲ್ವರು ಹೆಣ್ಣು. ಅನಿತಾ ಎರಡನೇ ಮಗಳು, ಹುಟ್ಟಿದ್ದು 1948ರ ಜನವರಿ 23. ಮನೆಯಲ್ಲಿ ದೇವರ ಹಾಡಿಗೆ ಮಾತ್ರ ಅನುಮತಿ. ರಾಕ್ ಅಂಡ್ ರೋಲ್, ಬ್ಲೂಸ್ ಎಲ್ಲ ಸೈತಾನನ ಸಂಗೀತ. ಸಿನಿಮಾ ಹಾಡು ಗುನುಗಿದರೆ ಗದರಿಸಿ ದೇವರನಾಮ ಹೇಳಿಸುತ್ತಿದ್ದ ನಮ್ಮ ಹಳೆಯ ಮನೆಗಳ ಹಾಗೆಯೇ. ಫಲವೂ ಹಾಗೆಯೇ ಆಯಿತು. ಶ್ರುತಿ, ತಾಳ, ಒಬ್ಬರ ದನಿಗೆ ಇನ್ನೊಬ್ಬರು ದನಿ ಹೊಂದಿಸುವುದು ಎಲ್ಲವನ್ನೂ ದೇವರ ಸನ್ನಿಧಿಯಲ್ಲಿ ಚೆನ್ನಾಗಿ ಕಲಿತು, ಸೈತಾನನಿಗೆ ಹಾಡಿದರು.

ಹಾಗಾದರೆ ಓಕ್ಲಂಡಿನ ಹುಡುಗಿಗೆ ಕಂಟ್ರಿ ಸಂಗೀತದ ನಂಟು ಬಂದದ್ದೆಲ್ಲಿಂದ? ಅಜ್ಜಿ ಮನೆಯಿಂದ. ಆರ್ಕನ್ಸಾದ ಪ್ರೆಸ್ಕಾಟ್ ಎಂಬ ಪುಟ್ಟ ಊರಲ್ಲಿ ತಾಯಿಯ ತವರು. ಅನಿತಾ ಅದನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ ಐದು, ಏಳು, ಹತ್ತನೇ ತರಗತಿಗಳನ್ನು ಅಲ್ಲೇ ಓದಿದರು, ಕಪ್ಪು ಮಕ್ಕಳಿಗಾಗಿ ಇದ್ದ ಮೆಕ್ರೇ ಶಾಲೆಯಲ್ಲಿ. ಶಾಲೆಯ ಬ್ಯಾಂಡಿನಲ್ಲಿ ಆಲ್ಟೋ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ಆ ಊರಿನ ರೇಡಿಯೋದಲ್ಲಿ ಬರುತ್ತಿದ್ದದ್ದು ಕಂಟ್ರಿ ಹಾಡೇ. ಊರಿಗೆ ಎರಡು ಬಣ್ಣ, ಶಾಲೆಗೆ ಎರಡು ಬಣ್ಣ. ರೇಡಿಯೋ ಒಂದೇ.

ಅಣ್ಣ ಏರನ್ ಕಥೆಯೇ ಒಂದು ಅಂಕಣಕ್ಕಾಗುವಷ್ಟಿದೆ. ಬೇಸ್‌ಬಾಲ್ ಆಟಗಾರ. 1961ರಲ್ಲಿ ಕೆಳದರ್ಜೆಯ ಲೀಗಿನಲ್ಲಿ ಇಡೀ ಋತುವಿಗೆ 0.402 ಸರಾಸರಿ ಬಾರಿಸಿದರು. ಬೇಸ್‌ಬಾಲಿನಲ್ಲಿ 0.300 ಹೊಡೆದವನೇ ಒಳ್ಳೆಯ ಆಟಗಾರ. ಋತುವಿಡೀ 0.400 ದಾಟುವುದು ಅಪರೂಪದಲ್ಲಿ ಅಪರೂಪ. ಆಮೇಲೆ ಹೂಸ್ಟನ್ ತಂಡಕ್ಕೆ ಆಡಿದರು, ಜಪಾನಿಗೂ ಹೋಗಿ ಆಡಿ ಬಂದರು. ಅದೂ ಮುಗಿದ ಮೇಲೆ ಅಮೆರಿಕನ್ ಫುಟ್‌ಬಾಲಿನ ರಾಷ್ಟ್ರೀಯ ಲೀಗಿನಲ್ಲಿ ವರ್ಷಗಟ್ಟಲೆ ಮೈದಾನದ ತೀರ್ಪುಗಾರರಲ್ಲಿ ಒಬ್ಬರಾಗಿದ್ದರು.

ಬ್ಯಾಸ್ಕೆಟ್‌ಬಾಲಿನಲ್ಲಿ ಹೆಸರು ಮಾಡಿದ ಆಟಗಾರ, ತರಬೇತುದಾರ ಪಾಲ್ ಸೈಲಸ್ ಇವರ ತಾಯಿಯ ಕಡೆಯ ಸಂಬಂಧಿ. ಹುಟ್ಟಿದ್ದು ಅದೇ ಪ್ರೆಸ್ಕಾಟಿನಲ್ಲಿ.

ಗುಂಪು ಕಟ್ಟಿದ್ದು ಅನಿತಾ ಅಲ್ಲ. 1969ರಲ್ಲಿ ಕಿರಿಯರಾದ ಬಾನಿ ಮತ್ತು ಜೂನ್ ಇಬ್ಬರೇ ಕ್ಲಬ್ಬುಗಳಲ್ಲಿ ಹಾಡಲು ಶುರುಮಾಡಿದ್ದರು. ಅನಿತಾಗೆ ಆಗಲೇ ಪುಟ್ಟ ಮಗಳಿದ್ದಳು, ವಕೀಲರ ಕಚೇರಿಯಲ್ಲಿ ಸೆಕ್ರೆಟರಿ ಕೆಲಸವಿತ್ತು. ತಿಂಗಳ ಸಂಬಳ ಬಿಟ್ಟು ತಂಗಿಯರ ಜೊತೆ ಸೇರಿಕೊಂಡರು. ರೂತ್ ಅಕ್ಕ ಇನ್ನೂ ಮೂರು ವರ್ಷ ಕಾದು ನೋಡಿ 1972ರ ಕೊನೆಯಲ್ಲಿ ಬಂದರು. ಮೊದಲ ಆಲ್ಬಮ್ಮಿನಲ್ಲಿ 'ಜೇಡಾ' ಎಂಬ ಹಾಡಿದೆಯಲ್ಲ, ಅದು ಅನಿತಾ ಅವರ ಮಗಳ ಹೆಸರು.

ಆರಂಭ ಸುಲಭದ್ದೇನಲ್ಲ. ಹೂಸ್ಟನ್ನಿಗೆ ಹೋದವರು ಕೈಯಲ್ಲಿ ಕಾಸಿಲ್ಲದೆ ಅಲ್ಲೇ ಸಿಕ್ಕಿಬಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಸಂಗೀತ ನಿರ್ಮಾಪಕ ಡೇವಿಡ್ ರೂಬಿನ್ಸನ್ ಹಣ ಕಳಿಸಿ ವಾಪಸು ಕರೆಸಿಕೊಂಡರು, ಹಿನ್ನೆಲೆ ಹಾಡುವ ಕೆಲಸ ಕೊಡಿಸಿದರು. ಎಲ್ವಿನ್ ಬಿಷಪ್, ಬಾಜ್ ಸ್ಕ್ಯಾಗ್ಸ್, ಗ್ರೇಸ್ ಸ್ಲಿಕ್, ಸಿಲ್ವೆಸ್ಟರ್ ಹೀಗೆ ಬೇ ಏರಿಯಾದ ಅರ್ಧ ಊರಿಗೆ ಇವರೇ ಹಿಂದೆ ನಿಂತು ದನಿಗೂಡಿಸಿದ್ದಾರೆ. ಅಟ್ಲಾಂಟಿಕ್ ಕಂಪನಿ ಒಪ್ಪಂದ ಮಾಡಿಕೊಂಡು ಒಂದೆರಡು ರೆಕಾರ್ಡು ತಂದಿತು. ಓಡಲಿಲ್ಲ.

ಓಡಿದ್ದು 1973ರಲ್ಲಿ, ಬ್ಲೂ ಥಂಬ್ ಎಂಬ ಕಂಪನಿಯಿಂದ ಬಂದ ಮೊದಲ ಆಲ್ಬಮ್. ಅದರ 'ಯೆಸ್ ವಿ ಕ್ಯಾನ್ ಕ್ಯಾನ್' ಬಿಲ್‌ಬೋರ್ಡ್ ಪಟ್ಟಿಯಲ್ಲಿ 11ನೇ ಸ್ಥಾನಕ್ಕೇರಿತು. ಬರೆದದ್ದು ನ್ಯೂ ಆರ್ಲಿಯನ್ಸಿನ ಅಲೆನ್ ಟೂಸಾಂಟ್. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿದ ವರ್ಷವೂ 1973. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಕೊಲ್ಲಿಯ ನೀರು ಮಾತ್ರ ಒಂದೇ.

ಆ ಕಾಲದ ಫೋಟೋಗಳಲ್ಲಿ ನಾಲ್ವರೂ 1940ರ ದಶಕದ ಹಿರಿಯ ಹೆಂಗಸರಂತೆ ಕಾಣುತ್ತಾರೆ. ಉದ್ದ ಫ್ರಾಕು, ಗರಿ ಸಿಕ್ಕಿಸಿದ ಟೊಪ್ಪಿ, ತುಪ್ಪಳದ ಶಾಲು. ದೊಡ್ಡ ಫ್ಯಾಷನ್ ಡಿಸೈನರ್ ಯಾರೂ ಇರಲಿಲ್ಲ. ದುಡ್ಡಿರಲಿಲ್ಲ, ಹಳೆ ಬಟ್ಟೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಹಾಕಿಕೊಂಡರು. ಜನ ಅದನ್ನೇ ಹೊಸ ಸ್ಟೈಲ್ ಅಂದರು. ಇವರು ಬೇಡ ಅನ್ನಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಆಪೆರಾ ಹೌಸಿನಲ್ಲಿ ಕಛೇರಿ ಕೊಟ್ಟ ಮೊದಲ ಪಾಪ್ ಗುಂಪು ಇವರೇ, 1974ರ ಏಪ್ರಿಲ್‌ನಲ್ಲಿ. ಅದರ ರೆಕಾರ್ಡಿಂಗ್ ಎರಡು ಡಿಸ್ಕಿನ ಆಲ್ಬಮ್ಮಾಗಿಯೂ ಬಂತು.

ಈಗ 'ಫೇರಿಟೇಲ್' ಕಥೆಗೆ ಬರೋಣ. ಇದನ್ನು ಒಂದು ಸಾಲಿನಲ್ಲಿ ಮುಗಿಸಲು ಮನಸ್ಸು ಬರುವುದಿಲ್ಲ. ಊರೂರು ಸುತ್ತುತ್ತಿದ್ದ ಕಾಲದಲ್ಲಿ, ಜೇಮ್ಸ್ ಟೇಲರ್ ಟೇಪು ಕೇಳುತ್ತಾ ಕೇಳುತ್ತಾ ಅನಿತಾಗೆ ಹೊಳೆದ ಹಾಡು. ಮುರಿದ ಪ್ರೀತಿಯ ವಿಷಯ. ಬಾನಿ ಕೈಜೋಡಿಸಿದರು. ರೆಕಾರ್ಡ್ ಮಾಡಿದ್ದು ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್ಲಿನಲ್ಲಿ. ರೇಡಿಯೋದಲ್ಲಿ ಕೇಳಿದವರು ಇದ್ಯಾರೋ ಬಿಳಿ ಹುಡುಗಿಯರ ಗುಂಪು ಅಂದುಕೊಂಡರು. 1974ರ ಕೊನೆಯ ಭಾಗದಲ್ಲಿ ಅಲ್ಲಿನ ಗ್ರ್ಯಾಂಡ್ ಓಲ್ ಆಪ್ರಿಯಿಂದ ಆಹ್ವಾನ ಬಂತು. ಕಂಟ್ರಿ ಹಾಡುಗಾರರಿಗೆ ಅದಕ್ಕಿಂತ ದೊಡ್ಡ ವೇದಿಕೆಯಿಲ್ಲ, ಅಲ್ಲಿಯವರೆಗೆ ಕಪ್ಪು ಹೆಂಗಸರ ಗುಂಪೊಂದು ಅಲ್ಲಿ ಹಾಡಿರಲಿಲ್ಲ. ಹೊರಗೆ ಕಂಟ್ರಿ ಸಂಗೀತ ಕಂಟ್ರಿಯಾಗಿಯೇ ಇರಲಿ ಎಂದು ಫಲಕ ಹಿಡಿದವರಿದ್ದರು. ಇವರ ಗೌರವಕ್ಕೆಂದೇ ಇಟ್ಟ ಔತಣಕ್ಕೆ ಹೋದರೆ ಕೆಲಸದವರೆಂದು ತಿಳಿದು ಹಿಂಬಾಗಿಲು ತೋರಿಸಿದರಂತೆ. ಅನಿತಾ ಇದನ್ನು ಮುಂದೆ ಹೇಳಿಕೊಂಡಿದ್ದಾರೆ. ವೇದಿಕೆಯ ಮೇಲೆ ಆದದ್ದು ಬೇರೆ. ಹಾಡು ಮುಗಿದಾಗ ಅದೇ ಸಭೆ ಮತ್ತೊಮ್ಮೆ ಹಾಡಿ ಎಂದು ಕೇಳಿತು.

ಕಂಟ್ರಿ ಪಟ್ಟಿಯಲ್ಲಿ ಆ ಹಾಡು ಏರಿದ್ದು 37ನೇ ಸ್ಥಾನದವರೆಗೆ ಮಾತ್ರ. ಪಾಪ್ ಪಟ್ಟಿಯಲ್ಲಿ 13. ಕಂಟ್ರಿ ರೇಡಿಯೋಗಳು ಅರೆಮನಸ್ಸು ಮಾಡಿದ ಹಾಡಿಗೆ ಕಂಟ್ರಿಯ ಗ್ರ್ಯಾಮಿ ಬಂತು. ಆ ವರ್ಷದ ಅತ್ಯುತ್ತಮ ಕಂಟ್ರಿ ಗೀತರಚನೆಯ ನಾಮನಿರ್ದೇಶನವೂ ಅನಿತಾ, ಬಾನಿ ಹೆಸರಿಗೆ ಬಂದಿತ್ತು.

ಎಲ್ವಿಸ್ ಪ್ರೀಸ್ಲಿ 1975ರ ತಮ್ಮ 'ಟುಡೇ' ಆಲ್ಬಮ್ಮಿನಲ್ಲಿ 'ಫೇರಿಟೇಲ್' ಹಾಡಿದ್ದಾರೆ. ಕಪ್ಪು ಸಂಗೀತಗಾರರ ಹಾಡುಗಳನ್ನು ಎತ್ತಿಕೊಂಡು ಹೆಸರು ಮಾಡಿದ ಎಂಬ ಮಾತು ಎಲ್ವಿಸ್ ಬಗ್ಗೆ ಹಳೆಯದು. ಆದರೆ ಇಲ್ಲಿ ತಮಾಷೆ ನೋಡಿ. ಆತ ಎತ್ತಿಕೊಂಡದ್ದು ಕಪ್ಪು ಹೆಣ್ಣುಮಕ್ಕಳು ಬರೆದ ಕಂಟ್ರಿ ಹಾಡು.

ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. 1977ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಎಲ್ವಿಸ್ ಕಛೇರಿ ಕೇಳಿ ಬಂದ ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಎಲ್ವಿಸ್‌ಗೆ ಹೇಳಿ ಮಾಡಿಸಿದಂತೆ 'ಫೈರ್' ಎಂಬ ಹಾಡು ಕಟ್ಟಿದರು. ಆಗಸ್ಟ್ 16ಕ್ಕೆ ಎಲ್ವಿಸ್ ತೀರಿಕೊಂಡರು. ಆ ಹಾಡು ಸುತ್ತಿ ಸುತ್ತಿ ಬಂದು ನಿಂತದ್ದು ಅನಿತಾ ಮುಂದೆ. ಮುಖ್ಯ ದನಿ ಆಕೆಯದು. 1979ರ ಆರಂಭದಲ್ಲಿ ಅಮೆರಿಕದ ಪಟ್ಟಿಯಲ್ಲಿ 2ನೇ ಸ್ಥಾನ. ಅನಿತಾ ಹಾಡನ್ನು ಎಲ್ವಿಸ್ ಹಾಡಿದರು, ಎಲ್ವಿಸ್‌ಗೆಂದು ಹುಟ್ಟಿದ ಹಾಡನ್ನು ಅನಿತಾ ಹಾಡಿದರು. ಸಿನಿಮಾದಲ್ಲಿ ಹೀಗೆ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

'ಕಾರ್ ವಾಶ್' (1976) ಎಂಬ ಚಿತ್ರದಲ್ಲಿ ರಿಚರ್ಡ್ ಪ್ರಯರ್ ಮಾಡಿದ್ದು ಹಣದ ಮಹಿಮೆ ಬೋಧಿಸುವ ಡೋಂಗಿ ಧರ್ಮಗುರುವಿನ ಪಾತ್ರ. ಅವನ ಹಿಂದೆ ಹಾಡುತ್ತಾ ಕುಣಿಯುವ ಪರಿವಾರ ಯಾರು? ಅಸಲಿ ಪಾದ್ರಿಯ ಈ ನಾಲ್ಕು ಮಕ್ಕಳು. ಮನೆಯಲ್ಲಿ ತಂದೆ ಏನೆಂದರೋ!

ಅಮೆರಿಕದಲ್ಲಿ ಬೆಳೆದ ಮಕ್ಕಳಿರುವ ಮನೆಯವರು ಇದನ್ನು ಕೇಳಿರುತ್ತಾರೆ. 'ಸೆಸಮಿ ಸ್ಟ್ರೀಟ್' ಕಾರ್ಯಕ್ರಮದಲ್ಲಿ ಪಿನ್‌ಬಾಲ್ ಯಂತ್ರದೊಳಗೆ ಚೆಂಡು ಉರುಳುತ್ತಾ ಹನ್ನೆರಡರವರೆಗೆ ಎಣಿಕೆ ಕಲಿಸುವ ಆ ಚುರುಕಿನ ಕಾರ್ಟೂನ್. 1977ರಿಂದ ಪ್ರಸಾರವಾದದ್ದು. ಹಾಡಿದವರು ಪಾಯಿಂಟರ್ ಸೋದರಿಯರು, ಕಾರ್ಟೂನ್ ತಯಾರಾದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ತಲೆಮಾರುಗಟ್ಟಲೆ ಮಕ್ಕಳು ಗಾಯಕಿಯರ ಹೆಸರೇ ಗೊತ್ತಿಲ್ಲದೆ ಇವರಿಂದ ಎಣಿಸಲು ಕಲಿತರು. ಒಂದು ಸಂಗತಿ ಗಮನಿಸಿ. 2ರಿಂದ 12ರವರೆಗೆ ಒಂದೊಂದು ಅಂಕಿಗೂ ಒಂದೊಂದು ಕಂತು, ಒಟ್ಟು 11. 1ಕ್ಕೆ ಮಾತ್ರ ಕಂತೇ ಇಲ್ಲ.

1975ರಲ್ಲಿ ಇವರ 'ಹೌ ಲಾಂಗ್' ಎಂಬ ಹಾಡು ಸೋಲ್ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅದನ್ನೂ ಸೋದರಿಯರು ರೂಬಿನ್ಸನ್ ಜೊತೆ ಸೇರಿ ಬರೆದದ್ದು.

ಹೀಗೆ ಹೇಳುತ್ತಾ ಹೋದರೆ ಪ್ರಶ್ನೆ ಏಳುತ್ತದೆ. ಇವರದು ಯಾವ ಸಂಗೀತ? ಒಂದೇ ಆಲ್ಬಮ್ಮಿನಲ್ಲಿ ಡಿಜಿ ಗಿಲೆಸ್ಪಿಯ ಜಾಸ್ 'ಸಾಲ್ಟ್ ಪೀನಟ್ಸ್' ಉಂಟು, ಪಕ್ಕದಲ್ಲೇ 'ಫೇರಿಟೇಲ್' ಕಂಟ್ರಿಯೂ ಉಂಟು. ಆಮೇಲೆ ರಾಕ್, ಆಮೇಲೆ ಕುಣಿಯುವ ಸಿಂಥಸೈಜರ್ ಪಾಪ್. ರೆಕಾರ್ಡ್ ಅಂಗಡಿಯವನು ಯಾವ ಖಾನೆಯಲ್ಲಿಡಬೇಕು? ಅಮೆರಿಕದ ಸಂಗೀತ ವ್ಯಾಪಾರ ಬಹುಕಾಲ ಹಾಡನ್ನು ಹಾಡಿನಿಂದಲ್ಲ, ಹಾಡಿದವರ ಬಣ್ಣದಿಂದ ಖಾನೆಗೆ ಹಾಕುತ್ತಿತ್ತು. ಅನಿತಾ ಆ ವ್ಯವಸ್ಥೆಯ ವಿರುದ್ಧ ಭಾಷಣ ಮಾಡಿದವರಲ್ಲ. ತನಗೆ ಹೊಳೆದದ್ದನ್ನು ಬರೆದರು, ಖಾನೆಯ ಚಿಂತೆ ಅಂಗಡಿಯವನಿಗೆ ಬಿಟ್ಟರು. ಇದಕ್ಕೆ ಬೆಲೆಯೂ ತೆತ್ತರು ಎಂಬುದು ನನ್ನ ಎಣಿಕೆ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಇವರಿಗಿಂತ ಕಡಿಮೆ ಹಾಡಿದವರು ಎಷ್ಟೋ ಮಂದಿ ಸೇರಿದರು. ಅನಿತಾ ಬದುಕಿರುವವರೆಗೆ ಪಾಯಿಂಟರ್ ಸಿಸ್ಟರ್ಸ್ ಹೆಸರು ಅಲ್ಲಿಗೆ ಸೇರಲಿಲ್ಲ.

ಅಮೆರಿಕದ ಮುಖ್ಯ ಹಾಡುಪಟ್ಟಿಯಲ್ಲಿ ಇವರಿಗೆ ಒಮ್ಮೆಯೂ ಮೊದಲ ಸ್ಥಾನ ದಕ್ಕಿಲ್ಲ. ಎರಡನೇ ಸ್ಥಾನ ಎರಡು ಬಾರಿ, 'ಫೈರ್' ಮತ್ತು 1981ರ 'ಸ್ಲೋ ಹ್ಯಾಂಡ್'. ಎರಡರಲ್ಲೂ ಮುಖ್ಯ ದನಿ ಅನಿತಾ ಅವರದೇ. ಮರುವರ್ಷ ಅದೇ 'ಸ್ಲೋ ಹ್ಯಾಂಡ್' ಅನ್ನು ಕಾನ್ವೇ ಟ್ವಿಟಿ ಹಾಡಿ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ. ಹಾಡು ಅದೇ, ಖಾನೆ ಬೇರೆ.

ಬಾನಿ 1977ರಲ್ಲಿ ಗುಂಪು ಬಿಟ್ಟು ಮೋಟೌನ್ ಕಂಪನಿಗೆ ಹೋದರು. 'ಹೆವನ್ ಮಸ್ಟ್ ಹ್ಯಾವ್ ಸೆಂಟ್ ಯೂ' ಅವರ ಒಂಟಿ ಹಾಡುಗಳಲ್ಲಿ ದೊಡ್ಡದು, 1979ರಲ್ಲಿ 11ನೇ ಸ್ಥಾನ. ಉಳಿದ ಮೂವರು ಗುಂಪನ್ನು ಮುಚ್ಚುವ ಹಂತಕ್ಕೆ ಬಂದಿದ್ದಾಗ ರಿಚರ್ಡ್ ಪೆರಿ ಎಂಬ ನಿರ್ಮಾಪಕ ಸಿಕ್ಕರು. ಹಳೆ ಫ್ರಾಕು, ಟೊಪ್ಪಿಗಳು ಪೆಟ್ಟಿಗೆ ಸೇರಿದವು.

'ಐಯಾಮ್ ಸೋ ಎಕ್ಸೈಟೆಡ್'. ಮದುವೆ ಮನೆ, ಜಿಮ್, ಕ್ರೀಡಾಂಗಣ, ಆಫೀಸ್ ಪಾರ್ಟಿ ಎಲ್ಲೆಡೆ ಮೊಳಗುವ ಈ ಹಾಡಿನ ಮುಖ್ಯ ದನಿಯೂ ಅನಿತಾ. ಬರೆದದ್ದು ಅನಿತಾ, ಜೂನ್, ರೂತ್ ಮತ್ತು ಟ್ರೆವರ್ ಲಾರೆನ್ಸ್. 1982ರಲ್ಲಿ ಬಂದಾಗ 30ನೇ ಸ್ಥಾನಕ್ಕೆ ಬಂದು ಇಳಿದುಹೋಗಿತ್ತು. 1984ರಲ್ಲಿ ಹೊಸದಾಗಿ ಮಿಕ್ಸ್ ಮಾಡಿ ಬಿಟ್ಟರು, 9ಕ್ಕೇರಿತು. ಅಷ್ಟೇ ಅಲ್ಲ, ಅದಾಗಲೇ ಮಾರಾಟದಲ್ಲಿದ್ದ 'ಬ್ರೇಕ್ ಔಟ್' ಆಲ್ಬಮ್ಮಿನಿಂದ 'ನೈಟ್‌ಲೈನ್' ಎಂಬ ಹಾಡನ್ನು ತೆಗೆದು ಆ ಜಾಗಕ್ಕೆ ಇದನ್ನು ಕೂರಿಸಿ ಮತ್ತೆ ಅಚ್ಚು ಹಾಕಿದರು. ನಿಮ್ಮ ಹತ್ತಿರ 'ನೈಟ್‌ಲೈನ್' ಇರುವ ಪ್ರತಿ ಇದ್ದರೆ ಅದು ಮೊದಲ ಮುದ್ರಣ.

ಆ 'ಬ್ರೇಕ್ ಔಟ್' ಬಂದದ್ದು 1983ರ ಕೊನೆಯಲ್ಲಿ. ಅದೊಂದರಿಂದಲೇ ನಾಲ್ಕು ಹಾಡು ಮೊದಲ ಹತ್ತರೊಳಗೆ ಬಂದವು. ಅಮೆರಿಕದಲ್ಲೇ 30 ಲಕ್ಷ ಪ್ರತಿಗಳ ಲೆಕ್ಕದ ಟ್ರಿಪಲ್ ಪ್ಲಾಟಿನಂ. 1985ರಲ್ಲಿ ಇನ್ನೆರಡು ಗ್ರ್ಯಾಮಿ, ಒಂದು 'ಜಂಪ್' ಗಾಯನಕ್ಕೆ, ಇನ್ನೊಂದು 'ಆಟೊಮ್ಯಾಟಿಕ್' ಹಾಡಿನ ದನಿ ಜೋಡಣೆಗೆ. ಕಂಟ್ರಿಯದೂ ಸೇರಿ ಒಟ್ಟು ಮೂರು.

'ಜಂಪ್' ಹಾಡಿಗೆ 'ಫಾರ್ ಮೈ ಲವ್' ಎಂಬ ಬಾಲ ಏಕೆ ಅಂಟಿಕೊಂಡಿತು? ವ್ಯಾನ್ ಹೇಲನ್ ಎಂಬ ರಾಕ್ ತಂಡದ 'ಜಂಪ್' ಅದೇ ಹೊತ್ತಿಗೆ ಎಲ್ಲೆಡೆ ಓಡುತ್ತಿತ್ತು. ಜನಕ್ಕೆ ಗೊಂದಲವಾಗಬಾರದೆಂದು ಹೆಸರು ಉದ್ದ ಮಾಡಿದರು. 2003ರ 'ಲವ್ ಆಕ್ಚುವಲಿ' ಚಿತ್ರದಲ್ಲಿ ಬ್ರಿಟನ್ ಪ್ರಧಾನಿಯ ಪಾತ್ರದ ಹ್ಯೂ ಗ್ರಾಂಟ್ ಯಾರೂ ಇಲ್ಲವೆಂದುಕೊಂಡು ಅಧಿಕೃತ ನಿವಾಸದಲ್ಲಿ ಸೊಂಟ ಕುಣಿಸುವುದು ಈ ಹಾಡಿಗೇ. ಮುಖ್ಯ ದನಿ ಕಿರಿಯ ತಂಗಿ ಜೂನ್ ಅವರದು.

'ಬೆವರ್ಲಿ ಹಿಲ್ಸ್ ಕಾಪ್' ಚಿತ್ರದ ಆರಂಭದ ಟ್ರಕ್ ಅಟ್ಟಾಟ ನೆನಪಿದೆಯೇ? ಹಿಂದೆ ಕೇಳುವುದು 'ನ್ಯೂಟ್ರಾನ್ ಡ್ಯಾನ್ಸ್'. ಹಾಡಿದ್ದು ರೂತ್.

1985ರ ಜನವರಿ 28ರ ರಾತ್ರಿ ಇಥಿಯೋಪಿಯಾದ ಬರಗಾಲ ಪರಿಹಾರಕ್ಕೆ 'ವಿ ಆರ್ ದ ವರ್ಲ್ಡ್' ರೆಕಾರ್ಡಾದಾಗ ಅನಿತಾ, ಜೂನ್, ರೂತ್ ಮೂವರೂ ಸಮೂಹದಲ್ಲಿದ್ದರು. ವೀಡಿಯೋದಲ್ಲಿ ಹುಡುಕಿದರೆ ಸಿಗುತ್ತಾರೆ.

ಅನಿತಾ ಕಂಟ್ರಿಯನ್ನು ಮರೆತಿರಲಿಲ್ಲ. 1986ರಲ್ಲಿ ಅರ್ಲ್ ಥಾಮಸ್ ಕಾನ್ಲಿ ಜೊತೆ ಹಾಡಿದ 'ಟೂ ಮೆನಿ ಟೈಮ್ಸ್' ಎಂಬ ಯುಗಳಗೀತೆ ಕಂಟ್ರಿ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯಿತು. ಹನ್ನೆರಡು ವರ್ಷ ಹಿಂದೆ 37ರಲ್ಲಿ ನಿಲ್ಲಿಸಿದವರು ಈಗ ಒಳಗೆ ಬಿಟ್ಟುಕೊಂಡರು. ಜೊತೆಯಲ್ಲಿ ಬಿಳಿ ಗಾಯಕನೊಬ್ಬ ಇದ್ದ ಎಂಬುದನ್ನೂ ಗಮನಿಸಬೇಕು. ಮರುವರ್ಷ ಬಂದ 'ಲವ್ ಫಾರ್ ವಾಟ್ ಇಟ್ ಈಸ್' ಅನಿತಾ ಒಬ್ಬರದೇ ಆಲ್ಬಮ್. ದೊಡ್ಡ ಸದ್ದು ಮಾಡಲಿಲ್ಲ.

ಹಾಲಿವುಡ್ಡಿನ ಕಾಲುದಾರಿಯಲ್ಲಿ ಗುಂಪಿನ ಹೆಸರಿನ ನಕ್ಷತ್ರ ಕೂರಿಸಿದ್ದು 1994ರಲ್ಲಿ.

ಅನಿತಾ ದೊಡ್ಡ ಸಂಗ್ರಾಹಕಿ. ಏನನ್ನು ಸಂಗ್ರಹಿಸಿದರು ಗೊತ್ತೇ? ಕಪ್ಪು ಜನರನ್ನು ಅಮೆರಿಕ ಹೇಗೆ ಚಿತ್ರಿಸಿತು ಎಂದು ತೋರಿಸುವ ಹಳೆಯ ವಸ್ತುಗಳನ್ನು. ದಪ್ಪ ತುಟಿ ಬಿಡಿಸಿದ ಬಿಸ್ಕತ್ತು ಡಬ್ಬಿ, ಗೊಂಬೆ, ಜಾಹೀರಾತು ಇಂಥ ಅವಮಾನದ ಸರಕೂ ಈ ಬಗೆಯ ಸಂಗ್ರಹದಲ್ಲಿ ಸೇರುತ್ತದೆ. ಎಷ್ಟೋ ಮಂದಿ ಇಂಥವನ್ನು ಕಂಡಲ್ಲಿ ಒಡೆದು ಹಾಕಬೇಕು ಅನ್ನುತ್ತಾರೆ. ಆಕೆ ಕೊಂಡು ಮನೆಯಲ್ಲಿಟ್ಟರು. ಹಿಂಬಾಗಿಲು ತೋರಿಸಿಕೊಂಡವರಿಗೆ ಸಾಕ್ಷ್ಯದ ಬೆಲೆ ಗೊತ್ತಿರುತ್ತದೆ.

ಮಗಳು ಜೇಡಾ 2003ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮೊಮ್ಮಗಳನ್ನು ಸಾಕಿದ್ದು ಅನಿತಾ. ತಂಗಿ ಜೂನ್ 2006ರಲ್ಲಿ, 52ನೇ ವಯಸ್ಸಿಗೆ ಹೋದರು. ಬಾನಿ 2020ರಲ್ಲಿ. ಆರೋಗ್ಯ ಕೈಕೊಟ್ಟು 2015ರಲ್ಲಿ ವೇದಿಕೆ ಬಿಟ್ಟ ಅನಿತಾ ಸುಮ್ಮನೆ ಕೂರಲಿಲ್ಲ. ಇನ್ನೊಬ್ಬ ಅಣ್ಣ ಫ್ರಿಟ್ಜ್ ಇಂಗ್ಲಿಷ್ ಪ್ರಾಧ್ಯಾಪಕರು. ಇಬ್ಬರೂ ಸೇರಿ ಕುಟುಂಬದ ಕಥೆ ಬರೆದರು, 2020ರಲ್ಲಿ ಪುಸ್ತಕವಾಯಿತು. ಪುಸ್ತಕಕ್ಕೆ ಆರಿಸಿಕೊಂಡ ಹೆಸರು 'ಐಯಾಮ್ ಸೋ ಎಕ್ಸೈಟೆಡ್' ಅಲ್ಲ, 'ಫೇರಿಟೇಲ್'. 2022ರ ಡಿಸೆಂಬರ್ 31ರಂದು ಬೆವರ್ಲಿ ಹಿಲ್ಸ್‌ನ ಮನೆಯಲ್ಲಿ ಅನಿತಾ ಕ್ಯಾನ್ಸರಿನಿಂದ ತೀರಿಕೊಂಡಾಗ 74 ವರ್ಷ.

ಗುಂಪು ನಿಂತಿತೇ? ಇಲ್ಲ. ಜೂನ್ ಜಾಗಕ್ಕೆ ರೂತ್ ಮಗಳು ಇಸ್ಸಾ ಬಂದಳು, ಮುಂದೆ ಮೊಮ್ಮಗಳು ಸಡಾಕೋ ಬಂದಳು. ಅಜ್ಜಿ, ಮಗಳು, ಮೊಮ್ಮಗಳು ಒಂದೇ ವೇದಿಕೆಯಲ್ಲಿ. ಹೆಸರು ಮಾತ್ರ ಸಿಸ್ಟರ್ಸ್ ಎಂದೇ ಉಳಿಯಿತು. ರೂತ್ ಕೂಡ 2016ರಲ್ಲಿ ಆತ್ಮಕಥೆ ಬರೆದಿದ್ದಾರೆ. ಮಾದಕ ವ್ಯಸನಕ್ಕೆ ಬಿದ್ದದ್ದು, ಎದ್ದದ್ದು ಎರಡನ್ನೂ ಅದರಲ್ಲಿ ಮುಚ್ಚಿಟ್ಟಿಲ್ಲ.

ಬೇ ಏರಿಯಾದ ಹೆಣ್ಣು ಗುಂಪುಗಳ ಪಟ್ಟಿ ಇಲ್ಲಿಗೇ ಮುಗಿಯುವುದಿಲ್ಲ, ಓಡುತ್ತಾ ಹೇಳಿಬಿಡುತ್ತೇನೆ. 1990ರ ದಶಕದ ಎನ್ ವೋಗ್ ಗುಂಪು 1989ರಲ್ಲಿ ಹುಟ್ಟಿದ್ದು ಓಕ್ಲಂಡಿನಲ್ಲಿ, ಆಡಿಷನ್ ನಡೆಸಿ ಆರಿಸಿದ ನಾಲ್ವರಿಂದ. ಗಂಡಸರ ಮಳೆ ಸುರಿಯುತ್ತಿದೆ ಎಂದು ಕುಣಿಸಿದ ವೆದರ್ ಗರ್ಲ್ಸ್ ಜೋಡಿ ಸ್ಯಾನ್ ಫ್ರಾನ್ಸಿಸ್ಕೋದ್ದು. ನಿಮ್ಮ ಮನೆಯ ಹದಿಹರೆಯದವರು ಹಾಡಿಹೊಗಳುವ ಕೊರಿಯನ್ ಪಾಪ್‌ನ ಗರ್ಲ್ಸ್ ಜನರೇಷನ್ ಗುಂಪಿನ ಟಿಫನಿ ಯಂಗ್ ಹುಟ್ಟಿದ್ದೂ 1989ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ.

ಈ ಕಥೆಯಲ್ಲಿ ಸೇತುವೆಯ ಈಚೆಗಿನ ಸ್ಯಾನ್ ಮಟಿಯೋಗೂ ಒಂದು ಪಾಲಿದೆ. ವೀಡಿಯೋ ಗೇಮಿನ ಪ್ಲೇಸ್ಟೇಷನ್ ಮುಖ್ಯ ಕಚೇರಿ ಇಲ್ಲೇ. 2002ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ 'ವೈಸ್ ಸಿಟಿ' ಆಟದಲ್ಲಿ ಕಾರು ಕದ್ದು ಓಡಿಸುವಾಗ ರೇಡಿಯೋ ತಿರುವಿದರೆ ಒಂದು ಸ್ಟೇಷನ್ನಿನಲ್ಲಿ 'ಆಟೊಮ್ಯಾಟಿಕ್' ಬರುತ್ತದೆ. ಇಂದಿನ ನಲವತ್ತರ ಆಸುಪಾಸಿನ ಎಷ್ಟೋ ಗಂಡಸರಿಗೆ ಪಾಯಿಂಟರ್ ಸಿಸ್ಟರ್ಸ್ ಪರಿಚಯವಾದದ್ದು ಹೀಗೆ, ಕದ್ದ ಕಾರಿನಲ್ಲಿ.

ಆ 'ಆಟೊಮ್ಯಾಟಿಕ್' ಅನ್ನೇ ಇವತ್ತು ರಾತ್ರಿ ಊಟದ ಹೊತ್ತಿಗೆ ಹಾಕಿ. ಯಾರು ಹಾಡಿದ್ದೆಂದು ಹೇಳಬೇಡಿ. ಅಷ್ಟು ತಗ್ಗಿನ, ಗಡಸು ದನಿ ಹೆಂಗಸಿನದೋ ಗಂಡಸಿನದೋ ಎಂದು ಮನೆಯವರನ್ನು ಕೇಳಿ. ಮುಕ್ಕಾಲು ಪಾಲು ಜನ ತಪ್ಪುತ್ತಾರೆ. ಅದು ರೂತ್ ಅಕ್ಕ.